ತಾರೀಖಿನಿಂದ ಹೊಸ ಕಾಲಂ ಮಾಡುವಾಗ ವರ್ಷ ಎಲ್ಲಿಂದ ಶುರು? (ಮಂಗನ ಕಾಯಿಲೆ ಮತ್ತು ಮಳೆ ಡೇಟಾ)

ಹೊಸನಗರದ ಹುಡುಗಿ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಸಂಖ್ಯಾಶಾಸ್ತ್ರ ಎಂಎಸ್ಸಿ ಓದುತ್ತಿದ್ದೇನೆ. ಪ್ರಾಜೆಕ್ಟಿಗೆ ಮಂಗನ ಕಾಯಿಲೆ ತೆಗೆದುಕೊಂಡಿದ್ದೇನೆ. ಹೆಸರು, ಊರು, ಫೋನ್ ನಂಬರ್ ಎಲ್ಲ ತೆಗೆದು ಕೊಟ್ಟ ಎಕ್ಸೆಲ್ ಫೈಲ್ ಇದೆ. ಉಳಿದಿರುವುದು ಬರೀ ತಾರೀಖುಗಳು: ಹುಟ್ಟಿದ ದಿನ, ಜ್ವರ ಶುರುವಾದ ದಿನ, ರಕ್ತದ ಸ್ಯಾಂಪಲ್ ತೆಗೆದ ದಿನ, ರಿಪೋರ್ಟ್ ಬಂದ ದಿನ. ಇವುಗಳಿಂದ ವಯಸ್ಸು, ಎಷ್ಟು ದಿನ ತಡ, ಯಾವ ವಾರ, ಯಾವ ವರ್ಷ ಅಂತ ಹೊಸ ವೇರಿಯಬಲ್ ಮಾಡಬೇಕು. ಬಳಸುತ್ತಿರುವುದು ಆರ್ ಅನ್ನುವ ಸಾಫ್ಟ್‌ವೇರ್, ಜೊತೆಗೆ ಅದರಲ್ಲಿ ತಾರೀಖಿನ ಕೆಲಸಕ್ಕಿರುವ ಲುಬ್ರಿಡೇಟ್ ಪ್ಯಾಕೇಜ್.

ಇಯರ್ ಫಂಕ್ಷನ್ ಹಾಕಿದರೆ ವರ್ಷ ಬರುತ್ತದೆ, ಅದೇನೋ ಸರಿ. ಆದರೆ ವರ್ಷಕ್ಕೊಂದು ಗ್ರಾಫ್ ಹಾಕಿದಾಗ ಪ್ರತಿ ಗ್ರಾಫಿನಲ್ಲೂ ಎರಡೆರಡು ಗುಡ್ಡ. ಜನವರಿ ಕಡೆ ದೊಡ್ಡದು, ಡಿಸೆಂಬರ್ ಕಡೆ ಸಣ್ಣದು, ನಡುವೆ ಬಯಲು. ನಮ್ಮ ಗೈಡ್ ನೋಡಿ "ಇದು ಒಂದೇ ಗುಡ್ಡ ಕಣಮ್ಮ, ನೀನು ನಡುವೆ ಕೊಯ್ದಿದ್ದೀಯ" ಅಂದರು. ಹೇಗೆ ಜೋಡಿಸುವುದು?

ಸಂಖ್ಯೆ ಮೇಷ್ಟ್ರು

ಗೈಡ್ ಸರಿಯಾಗಿಯೇ ಹೇಳಿದ್ದಾರೆ. ಈ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಆವತ್ತಿಂದ ಇವತ್ತಿನವರೆಗೆ ಅದರ ಹಂಗಾಮು ಹೆಚ್ಚುಕಡಿಮೆ ಒಂದೇ. ಮಳೆ ನಿಂತ ಮೇಲೆ ಈ ಕಾಯಿಲೆ ಹರಡುವ ಉಣುಗಿನ ಮರಿಗಳು ಜಾಸ್ತಿಯಾಗುತ್ತವೆ. ಜನ ದರಗು, ಸೊಪ್ಪು, ಸೌದೆ ಅಂತ ಕಾಡಿಗೆ ಹೋಗುವುದೂ ಆಗಲೇ. ನವೆಂಬರ್, ಡಿಸೆಂಬರಲ್ಲಿ ಶುರುವಾಗಿ ಮೇ ಹೊತ್ತಿಗೆ ಇಳಿಯುತ್ತದೆ. ಡಿಸೆಂಬರ್ 28ಕ್ಕೆ ಜ್ವರ ಬಂದವರೂ ಜನವರಿ 3ಕ್ಕೆ ಜ್ವರ ಬಂದವರೂ ಒಂದೇ ಕಾಡಿಗೆ ಹೋಗಿ ಬಂದಿರಬಹುದು. ಇಯರ್ ಫಂಕ್ಷನ್ ಅವರನ್ನು ಬೇರೆ ಬೇರೆ ವರ್ಷಕ್ಕೆ ಹಾಕುತ್ತದೆ.

ಹಾಗಾಗಿ ನಿಮಗೆ ಬೇಕಾದದ್ದು ಕ್ಯಾಲೆಂಡರ್ ವರ್ಷ ಅಲ್ಲ, ಹಂಗಾಮಿನ ವರ್ಷ. ಅದನ್ನು ಎಲ್ಲಿ ಕೊಯ್ಯಬೇಕು? ಬಹಳ ಜನ "ಹಂಗಾಮು ನವೆಂಬರಿಗೆ ಶುರು, ನವೆಂಬರ್ 1ಕ್ಕೆ ಕೊಯ್ಯೋಣ" ಅನ್ನುತ್ತಾರೆ. ನನಗೆ ಒಪ್ಪಿಗೆ ಇಲ್ಲ. ಒಂದು ವರ್ಷ ಅಕ್ಟೋಬರ್ ಕೊನೆಯಲ್ಲೇ ಕೇಸ್ ಬಂದರೆ ಅದು ಹಳೇ ಹಂಗಾಮಿನ ಬಾಲಕ್ಕೆ ಅಂಟಿಕೊಳ್ಳುತ್ತದೆ. ಕೇಸ್ ತೀರಾ ಕಡಿಮೆ ಇರುವ ಕಡೆ ಕೊಯ್ಯಿರಿ. ಜುಲೈ 1 ಒಳ್ಳೆಯ ಜಾಗ, ಮಳೆ ಜೋರಾಗಿ ಹಿಡಿದಿರುತ್ತದೆ.

ಬರೆಯುವುದು ಹೀಗೆ: ತಿಂಗಳು 7 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಹಂಗಾಮು = ವರ್ಷ + 1, ಇಲ್ಲದಿದ್ದರೆ ಹಂಗಾಮು = ವರ್ಷ. ಅಂದರೆ ಹಂಗಾಮು ಮುಗಿಯುವ ವರ್ಷದ ಹೆಸರು ಇಡುತ್ತಿದ್ದೀರಿ. ಡಿಸೆಂಬರ್ 2022 ಮತ್ತು ಮಾರ್ಚ್ 2023 ಎರಡೂ 2023ಕ್ಕೆ ಹೋಗುತ್ತವೆ. ಗ್ರಾಫ್ ಕೆಳಗೆ "2022-23" ಅಂತಲೇ ಬರೆಯಿರಿ. ಬರೀ 2023 ಅಂತ ಹಾಕಿದರೆ ಓದುವವರಿಗೆ ಗೊಂದಲ.

ಸಾಗರದ ಸ್ಯಾಸ್

ಮೇಷ್ಟ್ರು ಹೇಳಿದ್ದಕ್ಕೆ ಒಂದು ಅಡ್ಡದಾರಿ. ಜುಲೈ 1ರಿಂದ ಜನವರಿ 1ಕ್ಕೆ ಯಾವಾಗಲೂ 184 ದಿನ. ನಡುವೆ ಫೆಬ್ರವರಿ ಬರುವುದಿಲ್ಲ, ಹಾಗಾಗಿ ಅಧಿಕ ವರ್ಷದ ತಂಟೆ ಇಲ್ಲ. ತಾರೀಖಿಗೆ 184 ಕೂಡಿಸಿ ಇಯರ್ ತೆಗೆದರೆ ಹಂಗಾಮಿನ ವರ್ಷ ನೇರವಾಗಿ ಸಿಗುತ್ತದೆ. ಏಪ್ರಿಲ್ 1ರ ಹಣಕಾಸು ವರ್ಷ ಬೇಕಿದ್ದರೆ 275 ಕೂಡಿಸಿ.

ನಾನು ಬೆಂಗಳೂರಲ್ಲಿ ಔಷಧ ಪರೀಕ್ಷೆಗಳ ಡೇಟಾ ಮಾಡುತ್ತೇನೆ, ದಿನವಿಡೀ ಸ್ಯಾಸ್ ಅನ್ನುವ ಸಾಫ್ಟ್‌ವೇರ್. ಅಲ್ಲಿ ಇದಕ್ಕೆ ವ್ಯವಸ್ಥೆಯೇ ಇದೆ. ಇಂಟ್‌ಎನ್‌ಎಕ್ಸ್ ಫಂಕ್ಷನ್ನಿಗೆ 'ಇಯರ್.7' ಅಂತ ಕೊಟ್ಟರೆ ವರ್ಷ ಜುಲೈಗೆ ಶುರು, 'ಇಯರ್.4' ಅಂದರೆ ಏಪ್ರಿಲ್. ಲುಬ್ರಿಡೇಟ್‌ನ ಕ್ವಾರ್ಟರ್ ಫಂಕ್ಷನ್ನಿಗೂ ಹಣಕಾಸು ವರ್ಷ ಯಾವ ತಿಂಗಳಿಗೆ ಶುರು ಅಂತ ಹೇಳಬಹುದು.

ಸಂಖ್ಯೆ ಮೇಷ್ಟ್ರು

184 ಚೆನ್ನಾಗಿದೆ ಸಾರ್. ಆದರೆ ಆರು ತಿಂಗಳು ಬಿಟ್ಟು ಆ ಕೋಡ್ ಓದುವವರಿಗೆ 184 ಎಲ್ಲಿಂದ ಬಂತು ಅಂತ ತಿಳಿಯುವುದಿಲ್ಲ. ಕಲಿಯುವವರು ತಿಂಗಳು ನೋಡುವ ದಾರಿಯಲ್ಲೇ ಹೋಗಲಿ.

ಹೊಸನಗರದ ಹುಡುಗಿ

ಹಾಕಿ ನೋಡಿದೆ ಮೇಷ್ಟ್ರೇ, ಒಂದೇ ಗುಡ್ಡ ಬಂತು. ಧನ್ಯವಾದ! ಆದರೆ ಈಗ ಇನ್ನೊಂದು ತಲೆನೋವು. ಜ್ವರದ ದಿನದ ಕಾಲಂನಲ್ಲಿ ಕೆಲವು ಕಡೆ 25/02/2023 ಅಂತ ಇದೆ, ಕೆಲವು ಕಡೆ 44953 ಅಂತ ಬರೀ ಅಂಕಿ. ಆ ಅಂಕಿಯನ್ನು ಆರ್‌ನಲ್ಲಿ ತಾರೀಖು ಮಾಡಿದರೆ 2093ನೇ ಇಸವಿ ತೋರಿಸುತ್ತದೆ.

ಸಾಗರದ ಸ್ಯಾಸ್

ತಾರೀಖು ಅನ್ನುವುದು ಕಂಪ್ಯೂಟರಿಗೆ ಬರೀ ಒಂದು ಅಂಕಿ, ಎಲ್ಲಿಂದಲೋ ಎಣಿಸಿದ ದಿನಗಳು. ಎಲ್ಲಿಂದ ಅನ್ನುವುದು ಒಬ್ಬೊಬ್ಬರಿಗೆ ಒಂದೊಂದು ಥರ. ಸ್ಯಾಸ್ ಮತ್ತು ಸ್ಟೇಟಾದಲ್ಲಿ 1960ರ ಜನವರಿ 1 ಸೊನ್ನೆ. ಆರ್‌ನಲ್ಲಿ 1970ರ ಜನವರಿ 1. ಎಸ್‌ಪಿಎಸ್‌ಎಸ್ ದಿನ ಬಿಟ್ಟು ಸೆಕೆಂಡ್ ಎಣಿಸುತ್ತದೆ, ಅದೂ 1582ರ ಅಕ್ಟೋಬರ್ 14ರಿಂದ, ಗ್ರೆಗೋರಿಯನ್ ಕ್ಯಾಲೆಂಡರ್ ಶುರುವಾಗುವ ಹಿಂದಿನ ದಿನದಿಂದ. ಎಕ್ಸೆಲ್ಲಿಗೆ 1900ರ ಜನವರಿ 1 ಅಂದರೆ 1.

ಎಕ್ಸೆಲ್ಲಿನಲ್ಲಿ ಇನ್ನೊಂದು ಗಮ್ಮತ್ತು. 1900 ಅಧಿಕ ವರ್ಷ ಅಲ್ಲ, ಆದರೂ ಎಕ್ಸೆಲ್ ಅದಕ್ಕೆ ಫೆಬ್ರವರಿ 29 ಕೊಟ್ಟಿದೆ. ಎಕ್ಸೆಲ್ಲಿಗಿಂತ ಹಳೇ ಸಾಫ್ಟ್‌ವೇರ್ ಲೋಟಸ್ 1-2-3ರಲ್ಲಿ ಇದ್ದ ತಪ್ಪನ್ನು ಫೈಲ್‌ಗಳು ಹೊಂದಲಿ ಅಂತ ಹಾಗೇ ಉಳಿಸಿಕೊಂಡರು. ಅದಕ್ಕೇ ಆರ್‌ನಲ್ಲಿ ಎಕ್ಸೆಲ್ ಅಂಕಿ ತಿರುಗಿಸುವಾಗ ಆರಂಭದ ದಿನ 1899-12-30 ಅಂತ ಕೊಡಬೇಕು. ಆಗ ನಿಮ್ಮ 44953 ಅಂದರೆ 2023ರ ಜನವರಿ 27.

ಸಂಖ್ಯೆ ಮೇಷ್ಟ್ರು

ತಂಗಿ, ಅಲ್ಲಿಗೇ ನಿಲ್ಲಿಸಬೇಡಿ. ಒಂದೇ ಕಾಲಂನಲ್ಲಿ ಅರ್ಧ ಅಂಕಿ, ಅರ್ಧ ಅಕ್ಷರ ಇದೆ ಅಂದರೆ ಅದಕ್ಕಿಂತ ದೊಡ್ಡ ಎಡವಟ್ಟು ಇರಬಹುದು. ಫೈಲ್ ಯಾವುದೋ ಒಂದು ಹಂತದಲ್ಲಿ ಅಮೆರಿಕದ ಸೆಟ್ಟಿಂಗ್ ಇರುವ ಕಂಪ್ಯೂಟರಲ್ಲಿ ತೆರೆದಿರಬಹುದು. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. 25/02/2023 ಬಂದಾಗ 25ನೇ ತಿಂಗಳು ಇಲ್ಲವಲ್ಲ, ಹಾಗಾಗಿ ಎಕ್ಸೆಲ್ ಅದನ್ನು ಅಕ್ಷರವಾಗಿಯೇ ಬಿಡುತ್ತದೆ. ಸೆಲ್‌ನಲ್ಲಿ ಎಡಕ್ಕೆ ಅಂಟಿಕೊಂಡಿರುತ್ತದೆ, ನೋಡಿ. 05/02/2023 ಬಂದರೆ ಖುಷಿಯಾಗಿ ಮೇ 2 ಅಂತ ಓದಿಕೊಳ್ಳುತ್ತದೆ, ಬಲಕ್ಕೆ ಹೋಗಿ ಕೂರುತ್ತದೆ. ಎಲ್ಲೂ ಎರರ್ ಬರುವುದಿಲ್ಲ.

ಮಂಗನ ಕಾಯಿಲೆ ಡೇಟಾದಲ್ಲಿ ಇದು ಇನ್ನೂ ಕೆಟ್ಟದು. ಫೆಬ್ರವರಿ 8 ತಿರುಗಿ ಆಗಸ್ಟ್ 2 ಆದರೆ, ಆಗಸ್ಟಲ್ಲಿ ಎಲ್ಲಿಯ ಕೇಸ್ ಅಂತ ಕಣ್ಣಿಗೆ ಬೀಳುತ್ತದೆ. ಫೆಬ್ರವರಿ 5 ತಿರುಗಿ ಮೇ 2 ಆದರೆ ಹಂಗಾಮಿನ ಒಳಗೇ ಇದೆ, ಯಾರಿಗೂ ಅನುಮಾನ ಬರುವುದಿಲ್ಲ.

ಪತ್ತೆ ಮಾಡುವುದಕ್ಕೆ ಒಂದು ಸಣ್ಣ ವೇರಿಯಬಲ್ ಸಾಕು: ಡೇ ಫಂಕ್ಷನ್ ಹಾಕಿ ತಿಂಗಳ ಎಷ್ಟನೇ ದಿನ ಅಂತ ತೆಗೆದು ಎಣಿಸಿ. ತಿರುಗಿದ ತಾರೀಖುಗಳಲ್ಲಿ "ದಿನ" ಅಂತ ಕಾಣುವುದು ನಿಜವಾಗಿ ತಿಂಗಳು. ಹೆಚ್ಚಿನ ಕೇಸ್‌ಗಳು ಜನವರಿಯಿಂದ ಮೇ ಒಳಗೆ ಇರುವುದರಿಂದ 1, 2, 3, 4, 5ರಲ್ಲಿ ರಾಶಿ ಬೀಳುತ್ತದೆ. ಸರಿ ಇರುವ ಡೇಟಾದಲ್ಲಿ 1ರಿಂದ 28ರವರೆಗೆ ಹೆಚ್ಚುಕಡಿಮೆ ಹರಡಿಕೊಂಡಿರುತ್ತದೆ. ಹತ್ತು, ಹದಿನೈದು, ಇಪ್ಪತ್ತರಲ್ಲಿ ಸ್ವಲ್ಪ ಜಾಸ್ತಿ ಕಂಡರೆ ಗಾಬರಿ ಬೇಡ, ಜನ ನೆನಪಿಂದ ಹೇಳುವಾಗ ಹಾಗೇ ಹೇಳುತ್ತಾರೆ.

ಹೊಸನಗರದ ಹುಡುಗಿ

ಮೇಷ್ಟ್ರೇ, ಅಂಕಿಯಾಗಿ ಇರುವ ಸಾಲುಗಳಲ್ಲಿ 2, 3, 4ಕ್ಕೆ ರಾಶಿಯೇ ಬಿದ್ದಿದೆ!! ಅಂದರೆ ಅವೆಲ್ಲ ತಿರುಗಿವೆ ಅಲ್ವಾ? ಆ ಸಾಲುಗಳಿಗೆ ಮಾತ್ರ ದಿನ, ತಿಂಗಳು ಅದಲುಬದಲು ಮಾಡಿದರೆ ಸಾಕಾ?

ಸಂಖ್ಯೆ ಮೇಷ್ಟ್ರು

ಸಾಕು ಅನ್ನುವ ಮುಂಚೆ ಎರಡು ಕೆಲಸ. ಅಂಕಿ ಸಾಲುಗಳಲ್ಲಿ 12ಕ್ಕಿಂತ ದೊಡ್ಡ "ದಿನ" ಒಂದೂ ಇರಬಾರದು. ಇದ್ದರೆ ಕೆಲವು ಬೇರೆ ಕಂಪ್ಯೂಟರಲ್ಲಿ ಸರಿಯಾಗಿ ಟೈಪ್ ಆಗಿವೆ ಅಂತ ಅರ್ಥ, ಕಣ್ಣುಮುಚ್ಚಿ ತಿರುಗಿಸುವ ಹಾಗಿಲ್ಲ. ನಿಮ್ಮ 44953 ಜನವರಿ 27, ಅಂದರೆ ಅಂಥದ್ದು ಒಂದಾದರೂ ಇದೆ. ಹಾಗಾಗಿ ಸ್ಯಾಂಪಲ್ ದಿನದ ಜೊತೆ ಹೋಲಿಸಿ. ಎರಡು ರೀತಿಯಲ್ಲೂ ತಾರೀಖು ಮಾಡಿ, ಸ್ಯಾಂಪಲ್ ದಿನಕ್ಕಿಂತ ಹಿಂದೆ ಮತ್ತು ಹತ್ತಿರ ಇರುವುದನ್ನು ಇಟ್ಟುಕೊಳ್ಳಿ. ಸ್ಯಾಂಪಲ್ ದಿನದ ಕಾಲಂ ಕೂಡ ಇದೇ ಪರೀಕ್ಷೆ ಪಾಸಾಗಿರಬೇಕು, ಇಲ್ಲದಿದ್ದರೆ ಅದರ ಜೊತೆ ಹೋಲಿಸಿ ಪ್ರಯೋಜನ ಇಲ್ಲ. ಎರಡೂ ಹೊಂದುತ್ತವೆ ಅಥವಾ ಎರಡೂ ಹೊಂದುವುದಿಲ್ಲ ಅಂದರೆ ಮೂಲ ರಿಜಿಸ್ಟರ್ ನೋಡಿ ಬರಬೇಕು. ಹಳೇ ಕಾಲಂ ಅಳಿಸಬೇಡಿ. ತಿದ್ದಿದ್ದು ಹೊಸ ಕಾಲಂನಲ್ಲಿ ಇರಲಿ, ತಿದ್ದಿದ್ದೇನೆ ಅನ್ನುವುದಕ್ಕೆ ಇನ್ನೊಂದು ಕಾಲಂ ಇರಲಿ.

ಗೋಪಾಳದ ಗೆಳೆಯ

ಇಷ್ಟೆಲ್ಲ ಯಾಕೆ, ಪೈಥಾನ್ ಪಾಂಡಾಸ್‌ನಲ್ಲಿ ಒಂದೇ ಸಾಲು. ತಾನಾಗೇ ಗುರುತು ಹಿಡಿಯುತ್ತದೆ.

ಸಾಗರದ ಸ್ಯಾಸ್

ತಾನಾಗೇ ಗುರುತು ಹಿಡಿದೇ ಈ ಗತಿ ಬಂದಿದ್ದು ಮಾರಾಯ್ರೆ. ಪಾಂಡಾಸ್‌ಗೂ ದಿನ ಮೊದಲು ಅಂತ ಹೇಳದಿದ್ದರೆ 05/02 ಅನ್ನು ಮೇ 2 ಅಂತಲೇ ಓದುತ್ತದೆ.

ಹೊಸನಗರದ ಹುಡುಗಿ

ಸರಿ, ಈಗ ವಯಸ್ಸು. ಜ್ವರದ ದಿನದಿಂದ ಹುಟ್ಟಿದ ದಿನ ಕಳೆದು 365.25ರಿಂದ ಭಾಗಿಸಿದರೆ ಆಗುತ್ತದಾ? ಎಲ್ಲ ಕಡೆ ಹಾಗೇ ಮಾಡಿದ್ದಾರೆ.

ಸಾಗರದ ಸ್ಯಾಸ್

ಸರಾಸರಿ ವಯಸ್ಸು ಬೇಕಿದ್ದರೆ ಪರವಾಗಿಲ್ಲ. ತುಂಬಿದ ವರ್ಷ ಬೇಕಿದ್ದರೆ ಹುಟ್ಟುಹಬ್ಬದ ದಿನ ಕೈ ಕೊಡುತ್ತದೆ. 2022ರ ಮಾರ್ಚ್ 1ಕ್ಕೆ ಹುಟ್ಟಿದ ಮಗುವಿಗೆ 2023ರ ಮಾರ್ಚ್ 1ಕ್ಕೆ ಒಂದು ವರ್ಷ ತುಂಬಿತು. ನಡುವೆ 365 ದಿನ. ಅದನ್ನು 365.25ರಿಂದ ಭಾಗಿಸಿದರೆ 1ಕ್ಕಿಂತ ಚೂರು ಕಡಿಮೆ, ಪೂರ್ಣಾಂಕ ತೆಗೆದರೆ ಸೊನ್ನೆ. ಲುಬ್ರಿಡೇಟ್‌ನಲ್ಲಿ ಎರಡು ತಾರೀಖಿನ ಇಂಟರ್ವಲ್ ಮಾಡಿ, ಒಂದು ವರ್ಷದಿಂದ ಪೂರ್ಣ ಭಾಗಾಕಾರ ಮಾಡಿ. ಸರಿಯಾಗಿ ಬರುತ್ತದೆ.

ಸ್ಯಾಸ್ ಬಳಸುವವರಿಗೆ: ಇಂಟ್‌ಸಿಕೆ ಫಂಕ್ಷನ್ ಸುಮ್ನೆ 'ಇಯರ್' ಅಂತ ಕೊಟ್ಟರೆ ಗಡಿ ಎಣಿಸುತ್ತದೆ. ಡಿಸೆಂಬರ್ 31ರಿಂದ ಜನವರಿ 1ಕ್ಕೆ ಒಂದು ವರ್ಷ ಅನ್ನುತ್ತದೆ, ನಡುವೆ ಇರುವುದು ಒಂದೇ ದಿನ! ಕೊನೆಯಲ್ಲಿ 'ಸಿ' ಅಂತ ಸೇರಿಸಬೇಕು, ಆಗ ಹುಟ್ಟಿದ ದಿನದಿಂದಲೇ ಎಣಿಸುತ್ತದೆ.

ಸಂಖ್ಯೆ ಮೇಷ್ಟ್ರು

ವಯಸ್ಸು ಜ್ವರದ ದಿನಕ್ಕೆ ಇರಲಿ, ಇವತ್ತಿನ ದಿನಕ್ಕೆ ಬೇಡ. ಟುಡೇ ಫಂಕ್ಷನ್ ಹಾಕಿದ ಫೈಲ್ ವೈವಾ ದಿನಕ್ಕೆ ಬೇರೆ ಉತ್ತರ ಕೊಡುತ್ತದೆ. ಹುಟ್ಟಿದ ವರ್ಷ ಎರಡೇ ಅಂಕಿಯಲ್ಲಿ ಇದೆಯಾ ನೋಡಿ. ಆರ್‌ನಲ್ಲಿ 00ರಿಂದ 68ರವರೆಗೆ 2000ದ ಮೇಲಿನ ಇಸವಿ ಅಂತ ತೆಗೆದುಕೊಳ್ಳುತ್ತದೆ, 69ರಿಂದ 99 ಹಳೇ ಶತಮಾನಕ್ಕೆ. 58ರಲ್ಲಿ ಹುಟ್ಟಿದ ಅಜ್ಜಿ 2058ಕ್ಕೆ ಹೋಗಿ ಕೂರುತ್ತಾರೆ, ವಯಸ್ಸು ಮೈನಸ್.

ತೋಟದಮನೆ, ತೀರ್ಥಹಳ್ಳಿ

ಮೇಷ್ಟ್ರೇ, ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನಮ್ಮದು ಅಡಿಕೆ ತೋಟ. ಮನೆಯಲ್ಲಿ ಮಳೆ ಮಾಪಕ ಇಟ್ಟು ದಿನಾ ಬೆಳಿಗ್ಗೆ ಬರೆದಿಡುತ್ತೇನೆ. ಈಗ ಗಂಟೆಗೊಮ್ಮೆ ತಾನೇ ಬರೆಯುವ ಮಾಪಕವೂ ಹಾಕಿದ್ದೇನೆ. ಎರಡರ ಲೆಕ್ಕ ದಿನದ ಮಟ್ಟಿಗೆ ಹೊಂದುವುದೇ ಇಲ್ಲ. ತಿಂಗಳ ಒಟ್ಟು ಸರಿ ಇದೆ.

ಸಂಖ್ಯೆ ಮೇಷ್ಟ್ರು

ಹವಾಮಾನ ಇಲಾಖೆಯ ಮಳೆದಿನ ರಾತ್ರಿ ಹನ್ನೆರಡಕ್ಕೆ ಶುರುವಾಗುವುದಿಲ್ಲ ಸಾರ್. ಹಿಂದಿನ ದಿನ ಬೆಳಿಗ್ಗೆ 8:30ರಿಂದ ಇವತ್ತು ಬೆಳಿಗ್ಗೆ 8:30ರವರೆಗೆ ಬಿದ್ದದ್ದು ಇವತ್ತಿನ ತಾರೀಖಿಗೆ ಬರುತ್ತದೆ. ನಿಮ್ಮ ಕೈಬರಹದ್ದೂ ಅದೇ ಹೊತ್ತಿನದ್ದಾದರೆ, ಗಂಟೆಯ ಡೇಟಾಗೆ "ಮಳೆದಿನ" ಅಂತ ಹೊಸ ಕಾಲಂ ಮಾಡಿ. ಸಮಯಕ್ಕೆ 15 ಗಂಟೆ 30 ನಿಮಿಷ ಕೂಡಿಸಿ, ಆಮೇಲೆ ತಾರೀಖು ಮಾತ್ರ ತೆಗೆಯಿರಿ. ಜುಲೈ 4ರ ಬೆಳಿಗ್ಗೆ 9ಕ್ಕೆ ಬಿದ್ದ ಮಳೆ ಜುಲೈ 5ಕ್ಕೆ ಹೋಗುತ್ತದೆ. ಜುಲೈ 4ರ ಬೆಳಿಗ್ಗೆ 6ರದ್ದು ಜುಲೈ 4ರಲ್ಲೇ ಉಳಿಯುತ್ತದೆ.

ಒಂದು ಸೂಕ್ಷ್ಮ ಇದೆ. ಸರಿಯಾಗಿ 8:30 ಅಂತ ಬರೆದ ಸಾಲು ಅದಕ್ಕೂ ಹಿಂದಿನ ಒಂದು ಗಂಟೆಯ ಮಳೆಯಾ, ಮುಂದಿನದಾ? ಬಹಳ ಮಾಪಕಗಳು ಹಿಂದಿನದನ್ನು ಬರೆಯುತ್ತವೆ. ಹಾಗಿದ್ದರೆ ಕೂಡಿಸುವ ಮುಂಚೆ ಒಂದು ಸೆಕೆಂಡ್ ಕಳೆಯಿರಿ, ಇಲ್ಲದಿದ್ದರೆ ಆ ಒಂದು ಗಂಟೆ ನಾಳೆಗೆ ಜಾರುತ್ತದೆ. ಮಾಪಕದ ಗಡಿಯಾರ ಯಾವ ಸಮಯದಲ್ಲಿದೆ ಅನ್ನುವುದನ್ನೂ ನೋಡಿ. ಯುಟಿಸಿ (ಗ್ರೀನ್‌ವಿಚ್ ಸಮಯ) ಇದ್ದರೆ ನಮ್ಮ 8:30 ಅಲ್ಲಿ 3:00.

ತೋಟದಮನೆ, ತೀರ್ಥಹಳ್ಳಿ

ಯುಟಿಸಿಯೇ ಇತ್ತು! ಈಗ ಎರಡೂ ಹತ್ತಿರ ಬಂದವು.

ಇನ್ನೊಂದು ಆಸೆ. ನಮ್ಮ ಅಪ್ಪಯ್ಯನ ಹಳೇ ಡೈರಿಗಳಲ್ಲಿ ತಾರೀಖಿಗಿಂತ ನಕ್ಷತ್ರವೇ ಜಾಸ್ತಿ. "ಆರಿದ್ರೆ ಜೋರು", "ಪುಷ್ಯ ಕೈ ಕೊಟ್ಟಿತು", "ಆಶ್ಲೇಷದಲ್ಲಿ ಎರಡನೇ ಸಲ ಮದ್ದು ಹೊಡೆದದ್ದು" ಹೀಗೆ. ತಾರೀಖಿನಿಂದ ಮಳೆ ನಕ್ಷತ್ರದ ಕಾಲಂ ಮಾಡಬಹುದಾ?

ಗೋಪಾಳದ ಗೆಳೆಯ

ಸಂಖ್ಯಾಶಾಸ್ತ್ರಕ್ಕೆ ಪಂಚಾಂಗ ತರುತ್ತೀರಲ್ಲ 😀

ಸಂಖ್ಯೆ ಮೇಷ್ಟ್ರು

ನಗಬೇಡಿ. ಸೂರ್ಯ 27 ನಕ್ಷತ್ರ ದಾಟುವುದಕ್ಕೆ ಒಂದು ವರ್ಷ, ಒಂದೊಂದಕ್ಕೆ ಹದಿಮೂರು, ಹದಿನಾಲ್ಕು ದಿನ. ಲೆಕ್ಕದ ದೃಷ್ಟಿಯಲ್ಲಿ ಇದು ಎರಡು ವಾರದ ಗುಂಪು ಅಷ್ಟೇ. ಮಳೆ ಜಾಸ್ತಿಯಾ ಕಡಿಮೆಯಾ ಅಂತ ಹೇಳುವುದಕ್ಕೆ ಮಾಮೂಲಿ ಪಕ್ಷಕ್ಕಿಂತ ಇದರಲ್ಲಿ ಶಕ್ತಿ ಜಾಸ್ತಿ ಇದೆ ಅಂತ ನಾನು ನಂಬುವುದಿಲ್ಲ. ಆದರೆ ಡೈರಿ ನಕ್ಷತ್ರದಲ್ಲಿ ಬರೆದಿದ್ದರೆ ಮಾಪಕದ ಲೆಕ್ಕವನ್ನು ಅದಕ್ಕೆ ಜೋಡಿಸುವುದಕ್ಕೆ ಬೇರೆ ದಾರಿ ಇಲ್ಲ.

ತಿಂಗಳು, ದಿನ ನೋಡಿ ಇಫ್ ಎಲ್ಸ್ ಬರೆಯಬೇಡಿ. ಆರಿದ್ರೆ ಒಂದು ವರ್ಷ ಜೂನ್ 21ಕ್ಕೆ ಹುಟ್ಟಿದರೆ ಇನ್ನೊಂದು ವರ್ಷ 22ಕ್ಕೆ. ಹಳೇ ಕಾಲಕ್ಕೆ ಹೋದಷ್ಟೂ ಹಿಂದಕ್ಕೆ ಸರಿಯುತ್ತದೆ, ಸುಮಾರು 70 ವರ್ಷಕ್ಕೆ ಒಂದು ದಿನದ ಲೆಕ್ಕದಲ್ಲಿ. ಸಂಕ್ರಾಂತಿ 14ರಿಂದ 15ಕ್ಕೆ ಬರುತ್ತಿರುವುದೂ ಇದೇ ಕಾರಣಕ್ಕೆ. ಬೇರೆ ಒಂದು ಟೇಬಲ್ ಮಾಡಿ: ವರ್ಷ, ನಕ್ಷತ್ರ, ಶುರುವಾಗುವ ದಿನ. ಆಯಾ ವರ್ಷದ ಪಂಚಾಂಗ ನೋಡಿ ತುಂಬಿ. ಆಮೇಲೆ ಪ್ರತಿ ತಾರೀಖಿಗೂ ಅದಕ್ಕಿಂತ ಹಿಂದಿನ, ಅತಿ ಹತ್ತಿರದ ಶುರು ದಿನ ಹುಡುಕುವ ಹಾಗೆ ಜೋಡಿಸಿ. ಆರ್‌ನಲ್ಲಿ ಇದಕ್ಕೆ ಫೈಂಡ್‌ಇಂಟರ್ವಲ್ ಸಾಕು.

ಇದೇ ಉಪಾಯ ಅಡಿಕೆಯ ಕೊಳೆರೋಗಕ್ಕೆ ನೀವು ಹೊಡೆಯುವ ಬೋರ್ಡೊ ಮದ್ದಿಗೂ ಬರುತ್ತದೆ. ಬೋರ್ಡೊ ಹೊಡೆದ ದಿನಗಳ ಟೇಬಲ್ ಒಂದು ಕಡೆ, ಮಳೆ ಇನ್ನೊಂದು ಕಡೆ. "ಕೊನೇ ಮದ್ದಿನಿಂದ ಎಷ್ಟು ದಿನ" ಅನ್ನುವ ಕಾಲಂ ಸಿಗುತ್ತದೆ. ನಲವತ್ತು, ನಲವತ್ತೈದು ದಿನ ದಾಟಿಯೂ ಮಳೆ ಬಿಡದಿದ್ದ ವರ್ಷ ಯಾವುದು, ಆ ವರ್ಷ ಕೊಳೆ ಎಷ್ಟು ಅಂತ ನೋಡಬಹುದು.

ತೋಟದಮನೆ, ತೀರ್ಥಹಳ್ಳಿ

ಮಘೆ ಮಳೆ ಬಂದಷ್ಟು ಒಳ್ಳೇದು, ಮನೆ ಮಗ ಉಂಡಷ್ಟು ಒಳ್ಳೇದು ಅಂತ ಗಾದೆ. ಮಘೆಯಲ್ಲಿ ಮದ್ದು ತೊಳೆದು ಹೋದರೆ ಅಡಿಕೆಯವನಿಗೆ ಏನು ಒಳ್ಳೇದೋ! ಟೇಬಲ್ ಮಾಡಿ ಹಾಕುತ್ತೇನೆ.

ಹೊಸನಗರದ ಹುಡುಗಿ

ಮತ್ತೆ ನನ್ನದು. ಜ್ವರದಿಂದ ಸ್ಯಾಂಪಲ್‌ಗೆ ಎಷ್ಟು ದಿನ ಅಂತ ಕಳೆದೆ. ಕೆಲವು ಮೈನಸ್ 360ರ ಆಸುಪಾಸು ಬಂದಿವೆ. ತೆಗೆದು ಹಾಕಲಾ?

ಸಂಖ್ಯೆ ಮೇಷ್ಟ್ರು

ತೆಗೆಯಬೇಡಿ. ಸ್ಯಾಂಪಲ್ ದಿನ ಜನವರಿಯದ್ದಾ ನೋಡಿ. ಹೊಸ ವರ್ಷ ಬಂದರೂ ಕೈ ಹಳೇ ಇಸವಿಯನ್ನೇ ಬರೆಯುತ್ತದೆ. ಜ್ವರ ಡಿಸೆಂಬರ್ 30, 2022, ಸ್ಯಾಂಪಲ್ ಜನವರಿ 4, "2022" ಅಂತ ಬರೆದರೆ ಮೈನಸ್ 360. ಹಂಗಾಮೇ ಜನವರಿ ಮೇಲೆ ಕೂತಿರುವುದರಿಂದ ನಿಮ್ಮ ಫೈಲಲ್ಲಿ ಇದು ಜಾಸ್ತಿ.

ಈ ತಡದ ಕಾಲಂ ಬರೀ ಆಸ್ಪತ್ರೆ ಚುರುಕಾಗಿತ್ತಾ ಅಂತ ನೋಡುವುದಕ್ಕಲ್ಲ. ಮೊದಲ ಕೆಲವು ದಿನ ರಕ್ತದಲ್ಲಿ ವೈರಸ್ಸೇ ಸಿಗುತ್ತದೆ, ಪಿಸಿಆರ್ ಹಿಡಿಯುತ್ತದೆ. ತಡವಾದರೆ ಪ್ರತಿಕಾಯ ಹುಡುಕುವ ಎಲೈಸಾ ಬೇಕು. ಎರಡು ದಿನಕ್ಕೆ ತೆಗೆದ ಸ್ಯಾಂಪಲ್ಲಿನ ನೆಗೆಟಿವ್ ಮತ್ತು ಇಪ್ಪತ್ತು ದಿನಕ್ಕೆ ತೆಗೆದದ್ದರ ನೆಗೆಟಿವ್ ಒಂದೇ ಅಲ್ಲ. ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಮತ್ತೆ ಬರುತ್ತದೆ. ಅದನ್ನು ಹೊಸ ಕೇಸ್ ಅಂತ ಎಣಿಸಬಾರದು.

ಕಾಡಿಗೆ ಹೋದ ದಿನ ಗೊತ್ತಿಲ್ಲ ಅಂತ ಚಿಂತೆ ಬೇಡ. ಉಣುಗು ಕಚ್ಚಿ ಮೂರರಿಂದ ಎಂಟು ದಿನಕ್ಕೆ ಜ್ವರ. ಜ್ವರದ ದಿನದಿಂದ 8 ಕಳೆದು ಒಂದು ಕಾಲಂ, 3 ಕಳೆದು ಇನ್ನೊಂದು. ಒಂದೇ ದಿನ ಊಹಿಸಿ ಬರೆಯುವುದಕ್ಕಿಂತ ಈ ಕಿಟಕಿ ಇಟ್ಟುಕೊಳ್ಳುವುದು ಮೇಲು.

ಹೊಸನಗರದ ಹುಡುಗಿ

ವಾರಕ್ಕೆ ಐಎಸ್‌ಒ ವಾರ (ಸೋಮವಾರಕ್ಕೆ ಶುರುವಾಗುವ ಅಂತರರಾಷ್ಟ್ರೀಯ ವಾರದ ಎಣಿಕೆ) ಹಾಕಲಾ?

ಸಾಗರದ ಸ್ಯಾಸ್

ಹಾಕಬಹುದು, ಆದರೆ ಅದರ ಜೊತೆ ಐಎಸ್‌ಒ ವರ್ಷವನ್ನೇ ಹಾಕಿ. 2024ರ ಡಿಸೆಂಬರ್ 30 ಅಲ್ಲಿ 2025ರ 1ನೇ ವಾರ. ಮಾಮೂಲಿ ವರ್ಷ ಸೇರಿಸಿದರೆ ಅದು 2024ರ 1ನೇ ವಾರ ಆಗಿ, ಒಂದು ವರ್ಷ ಹಿಂದಕ್ಕೆ ಹೋಗುತ್ತದೆ. ನಾನಾದರೆ ಜುಲೈ 1ರಿಂದ ಎಷ್ಟು ದಿನ ಅಂತ ಎಣಿಸಿ 7ರಿಂದ ಭಾಗಿಸಿ ಹಂಗಾಮಿನ ವಾರವನ್ನೇ ಮಾಡುತ್ತಿದ್ದೆ. ಸರ್ಕಾರದ ವಾರದ ವರದಿ ಜೊತೆ ಹೋಲಿಸಬೇಕಿದ್ದರೆ ಮಾತ್ರ ಐಎಸ್‌ಒ.

ಹೊಸನಗರದ ಹುಡುಗಿ

ಹಂಗಾಮಿನ ವಾರವೇ ಇರಲಿ. ಪರೀಕ್ಷೆಗೆ ಜೂನ್ 30, ಜುಲೈ 1, ಡಿಸೆಂಬರ್ 31, ಜನವರಿ 1, 2024ರ ಫೆಬ್ರವರಿ 29, ಒಂದು ಖಾಲಿ ಸಾಲು ಹಾಕಿ ಓಡಿಸಿದೆ. ಹಂಗಾಮು ಎಲ್ಲ ಸರಿ ಬಂತು. ನನ್ನ ಗೆಳತಿ ಇದನ್ನೇ ಸ್ಯಾಸ್‌ನಲ್ಲಿ ಮಾಡಿದಳು. "ತಡ ಸೊನ್ನೆಗಿಂತ ಕಡಿಮೆ ಇದ್ದರೆ ತಪ್ಪು" ಅನ್ನುವ ಕಾಲಂನಲ್ಲಿ ಅವಳಿಗೆ ನನಗಿಂತ ಜಾಸ್ತಿ ತಪ್ಪು ಬಂದಿವೆ. ಡೇಟಾ ಒಂದೇ.

ಸಾಗರದ ಸ್ಯಾಸ್

ಖಾಲಿ ಸಾಲುಗಳು. ಸ್ಯಾಸ್‌ನಲ್ಲಿ ಖಾಲಿ ಅಂದರೆ ಎಲ್ಲ ಅಂಕಿಗಿಂತ ಚಿಕ್ಕದು, ಹಾಗಾಗಿ ಸೊನ್ನೆಗಿಂತ ಕಡಿಮೆ ಅಂದಾಗ ಅವೂ ಒಳಗೆ ಬರುತ್ತವೆ. ಸ್ಟೇಟಾದಲ್ಲಿ ಉಲ್ಟಾ, ಖಾಲಿ ಎಲ್ಲಕ್ಕಿಂತ ದೊಡ್ಡದು, "14 ದಿನಕ್ಕಿಂತ ಜಾಸ್ತಿ" ಅಂದರೆ ಸೇರಿಕೊಳ್ಳುತ್ತವೆ. ಆರ್ ಖಾಲಿಯನ್ನು ಖಾಲಿಯಾಗಿಯೇ ಬಿಡುತ್ತದೆ. "ತಡ ಖಾಲಿ ಇಲ್ಲ ಮತ್ತು ಸೊನ್ನೆಗಿಂತ ಕಡಿಮೆ" ಅಂತ ಬರೆಯುವುದಕ್ಕೆ ಗೆಳತಿಗೆ ಹೇಳಿ.

ಹೊಸನಗರದ ಹುಡುಗಿ

ಹೇಳಿದೆ ಸಾರ್, ಈಗ ಇಬ್ಬರದ್ದೂ ಒಂದೇ ಬಂತು. ನಾಳೆ ಗೈಡ್‌ಗೆ ತೋರಿಸಬೇಕು. ತಿರುಗಿದ ತಾರೀಖುಗಳ ಪಟ್ಟಿ ಬೇರೆ ಶೀಟಿನಲ್ಲಿ ತೆಗೆದಿಟ್ಟಿದ್ದೇನೆ, ರಿಜಿಸ್ಟರ್ ನೋಡುವುದಕ್ಕೆ ಅನುಮತಿ ಕೇಳುತ್ತೇನೆ.